ತೀರ್ವೆ ರಶೀದಿಯ ಹೆಸರು ಮತ್ತು 1926ರ ಒಂದು ಉಮೇದುವಾರಿಕೆ

ಕಾಸರಗೋಡಿನ ಹಳೆಯ ಮನೆಗಳ ಮರದ ಪೆಟ್ಟಿಗೆಗಳಲ್ಲಿ ತೀರ್ವೆ, ಅಂದರೆ ಭೂಕಂದಾಯ ಕಟ್ಟಿದ ರಶೀದಿಗಳ ಕಟ್ಟುಗಳು ಇಂದಿಗೂ ಸಿಗುತ್ತವೆ. ನಮ್ಮ ಮನೆಯ ಅಂಥ ಒಂದು ಕಟ್ಟನ್ನು ಬಿಚ್ಚಿದಾಗ, ಅಂಚು ಹುಳ ತಿಂದ ಕಂದು ಕಾಗದಗಳಲ್ಲಿ ವರ್ಷದಿಂದ ವರ್ಷಕ್ಕೆ ಮೊತ್ತ ಬದಲಾಗಿತ್ತೇ ಹೊರತು ಹೆಸರಿನ ಜಾಗದಲ್ಲಿದ್ದವರೆಲ್ಲ ಗಂಡಸರೇ ಆಗಿದ್ದರು. ನೇಜಿ ನೆಟ್ಟವರು, ಅಡಿಕೆ ಸುಲಿದವರು, ಮನೆ ನಡೆಸಿದವರು ಯಾರೆಂಬುದು ಆ ಕಾಗದಗಳಿಂದ ತಿಳಿಯುವುದಿಲ್ಲ. ಸುಮಾರು ನೂರು ವರ್ಷಗಳ ಹಿಂದೆ ರಶೀದಿಯ ಈ ಹೆಸರಿಗೆ ಇನ್ನೊಂದು ಬೆಲೆಯೂ ಇತ್ತು. ಮದ್ರಾಸ್ ಪ್ರಾಂತದಲ್ಲಿ ಮತ ಹಾಕುವ ಅರ್ಹತೆ ಮುಖ್ಯವಾಗಿ ಭೂಕಂದಾಯ, ಪುರಸಭಾ ತೆರಿಗೆ ಅಥವಾ ಆದಾಯ ತೆರಿಗೆಯ ಮೇಲೆ ನಿಂತಿತ್ತು. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆಯ ಕಚೇರಿಗಳೆಲ್ಲ ಇದ್ದದ್ದು ಮಂಗಳೂರಿನಲ್ಲಿ.

ಆ ಮಂಗಳೂರಿನಲ್ಲಿ 1903ರ ಏಪ್ರಿಲ್ 3ರಂದು ಹುಟ್ಟಿ, ಮುಂದೆ ಕಮಲಾದೇವಿ ಚಟ್ಟೋಪಾಧ್ಯಾಯ ಎಂದು ಹೆಸರಾದ ಕಮಲಾದೇವಿಗೆ ಆಸ್ತಿಯ ಕಾಗದದಲ್ಲಿ ಹೆಸರಿಲ್ಲದಿರುವುದೆಂದರೇನು ಎಂಬುದು ಏಳನೆಯ ವಯಸ್ಸಿಗೇ ಗೊತ್ತಾಯಿತು. ಸರಕಾರಿ ಅಧಿಕಾರಿಯಾಗಿದ್ದ ತಂದೆ ಅನಂತಯ್ಯ ಧಾರೇಶ್ವರ ಅವರು ಉಯಿಲು ಬರೆಯದೆ ತೀರಿಕೊಂಡಾಗ, ಆಸ್ತಿಯೆಲ್ಲ ಅವರ ಮೊದಲ ಮದುವೆಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶದ ಮಾತು ಮಾತ್ರ. ಅದನ್ನು ಒಲ್ಲೆನೆಂದ ಆ ತಾಯಿ, ತವರಿನಿಂದ ತಂದ ಆಸ್ತಿಯಲ್ಲೇ ಮಗಳನ್ನು ಬೆಳೆಸಿದರು. ಕಮಲಾದೇವಿಯವರ ರಾಜಕೀಯ ಜೀವನ ಲಂಡನ್ನಿನ ಓದಿನಿಂದಲೋ ಗಾಂಧೀಜಿಯ ಕರೆಯಿಂದಲೋ ಆರಂಭವಾಯಿತೆಂದು ಬರೆಯುವುದು ವಾಡಿಕೆ. ಅದರ ಬೇರು ಇರುವುದು ಗಿರಿಜಾಬಾಯಿಯವರ ಆ ನಿರಾಕರಣೆಯಲ್ಲಿ ಎಂದೇ ನನ್ನ ನಂಬಿಕೆ. ಹದಿನಾಲ್ಕಕ್ಕೆ ಮದುವೆ, ಎರಡು ವರ್ಷಗಳಲ್ಲಿ ವೈಧವ್ಯ, ಮದ್ರಾಸಿನಲ್ಲಿ ಓದು, ಸಂಪ್ರದಾಯಸ್ಥರ ವಿರೋಧದ ನಡುವೆ ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥ ಚಟ್ಟೋಪಾಧ್ಯಾಯರೊಡನೆ ಮರುಮದುವೆ, ಇವೆಲ್ಲ ಆಮೇಲಿನವು.

ಅತ್ತ ಮತದ ಹಕ್ಕಿನ ಹೋರಾಟವೂ ಮದ್ರಾಸಿನಲ್ಲೇ ರೂಪು ಪಡೆಯುತ್ತಿತ್ತು. 1917ರಲ್ಲಿ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಹುಟ್ಟಿತು. ಅದೇ ವರ್ಷದ ಡಿಸೆಂಬರ್ 18ರಂದು ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವು ಬ್ರಿಟಿಷ್ ಸರಕಾರದ ಭಾರತ ಸಚಿವ ಮಾಂಟೆಗ್ಯು ಅವರನ್ನು ಮದ್ರಾಸಿನಲ್ಲಿ ಕಂಡು, ಹೆಂಗಸರಿಗೂ ಮತ ಬೇಕೆಂದು ಕೇಳಿತು. ಇದರ ಹಿಂದಿನ ದುಡಿಮೆಯಲ್ಲಿ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅವರ ಪಾಲು ದೊಡ್ಡದು. ಆ ಬಳಿಕ ಮತದ ಅರ್ಹತೆಯನ್ನು ಪರಿಶೀಲಿಸಲು ಬಂದ ಸೌತ್‌ಬರೋ ಸಮಿತಿ ದೇಶಾಚಾರದ ಕಾರಣ ಹೇಳಿ ಕೈಚೆಲ್ಲಿತು. 1919ರ ಭಾರತ ಸರಕಾರ ಕಾಯಿದೆಯಾದ ಮೇಲೆ ತೀರ್ಮಾನ ಪ್ರಾಂತಗಳ ಶಾಸನಸಭೆಗಳಿಗೆ ಬಂತು, ಮದ್ರಾಸ್ ಸಭೆ 1921ರ ಏಪ್ರಿಲ್ 1ರಂದು ಒಪ್ಪಿತು.

ಆದರೆ ಒಪ್ಪಿದ್ದು ಮತ ಹಾಕುವುದನ್ನು, ಸಭೆಯಲ್ಲಿ ಕೂರುವುದನ್ನಲ್ಲ. ಮತ ಹಾಕುವುದಕ್ಕೂ ಆಸ್ತಿಯ ಷರತ್ತು ಹಾಗೆಯೇ ಉಳಿಯಿತು. ನಮ್ಮ ಕಡೆಯ ಸ್ಥಿತಿ ಇಲ್ಲಿ ವಿಚಿತ್ರವಾಗಿತ್ತು: ಅಳಿಯಸಂತಾನದ ಮನೆಗಳಲ್ಲಿ ವಂಶವೂ ಆಸ್ತಿಯೂ ಹೆಣ್ಣಿನಿಂದಲೇ ಇಳಿದು ಬರುತ್ತಿದ್ದವು, ಹಿರಿಯ ಹೆಂಗಸು ಯಜಮಾನ್ತಿಯಾಗುವುದಕ್ಕೂ ಅವಕಾಶವಿತ್ತು, ಹಾಗಿದ್ದರೂ ಆಡಳಿತ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿದ್ದುದರಿಂದ ಸರಕಾರದ ಲೆಕ್ಕದಲ್ಲಿ ಕಂದಾಯ ಕಟ್ಟುವವನು ಅವನೇ ಆಗುತ್ತಿದ್ದ. ಮನೆ ಹೆಣ್ಣಿನದು, ರಶೀದಿ ಗಂಡಿನದು.

ಮಹಿಳೆಯರು ಸ್ಪರ್ಧಿಸಬಹುದೆಂಬ ಬದಲಾವಣೆ ಆದದ್ದು 1926ರಲ್ಲಿ, ಚುನಾವಣೆ ಹತ್ತಿರ ಬಂದಾಗ. ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯಕ್ಕೆ ಮಣಿದು ಕಮಲಾದೇವಿ ಮಂಗಳೂರಿನಿಂದ ಪಕ್ಷೇತರರಾಗಿ ನಿಂತರು. ಆಗ ಅವರ ವಯಸ್ಸು ಇಪ್ಪತ್ತಮೂರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಅವರು ಮತ ಕೇಳಬೇಕಾಗಿದ್ದುದು ಯಾರಲ್ಲಿ ಎಂಬುದನ್ನು ಯೋಚಿಸಬೇಕು: ಬಹುಪಾಲು ಆಸ್ತಿವಂತ ಗಂಡಸರಲ್ಲಿ, ಅಂದರೆ ತಾಯಿಯನ್ನು ಬರಿಗೈಯಲ್ಲಿ ಬಿಟ್ಟ ಅದೇ ವ್ಯವಸ್ಥೆಯ ಹಕ್ಕುದಾರರಲ್ಲಿ. ಅವರು ಸೋತರು, ಆದರೆ ಬಹಳ ಕಡಿಮೆ ಮತಗಳಿಂದ. ವಿಧವೆಯಾಗಿದ್ದು ಮರುಮದುವೆಯಾದ ಒಬ್ಬ ಯುವತಿಗೆ ಅಂಥ ಮತದಾರರು ಅಷ್ಟು ಮತ ಕೊಟ್ಟರೆಂಬುದು ಈ ಕರಾವಳಿಯ ಬಗ್ಗೆ ನನಗೆ ಹೆಮ್ಮೆ ತರುವ ಸಂಗತಿ. ಮರುವರ್ಷ ಮದ್ರಾಸ್ ಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಉಪಾಧ್ಯಕ್ಷೆಯಾದರು. ಅವರು ಸಭೆಗೆ ಬಂದದ್ದು ನಾಮನಿರ್ದೇಶನದಿಂದ.

ಕಮಲಾದೇವಿ 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾದರು, 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧೀಜಿಯನ್ನು ಒಪ್ಪಿಸಿ ತಾವೂ ಸೆರೆಮನೆಗೆ ಹೋದರು. 1935ರ ಕಾಯಿದೆ ಮತದಾರ ಹೆಂಗಸರ ಸಂಖ್ಯೆಯನ್ನು ಹೆಚ್ಚಿಸಿತಾದರೂ, ಹಲವರಿಗೆ ಹಕ್ಕು ಬಂದದ್ದು ಗಂಡನ ಆಸ್ತಿಯ ಬಲದಿಂದ. ಸ್ವಾತಂತ್ರ್ಯಾನಂತರ ಕಮಲಾದೇವಿ ಅಧಿಕಾರದ ಕುರ್ಚಿಗಳತ್ತ ಹೋಗದೆ, ಫರೀದಾಬಾದಿನ ನಿರಾಶ್ರಿತರ ನಡುವೆಯೂ ಕರಕುಶಲಿಗಳ ನಡುವೆಯೂ ದುಡಿದು 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಎಲ್ಲರಿಗೂ ಮತ ಬಂದ 1951–52ರ ಮೊದಲ ಮಹಾಚುನಾವಣೆಯಲ್ಲೂ ಹೆಸರಿನ ತೊಡಕು ತೀರಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರನ್ನು, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಪಟ್ಟಿಯಿಂದ ಕೈಬಿಡಲಾಯಿತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮರುವರ್ಷದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದುದರಿಂದ ಅಲ್ಲಿನ ಗಂಡಸರಿಗೂ ಹೆಂಗಸರಿಗೂ ಮತ ಹಾಕುವ ಪ್ರಮೇಯವೇ ಬರಲಿಲ್ಲ. ಅಲ್ಲಿಂದೀಚೆ ಕೇರಳದ ಪಂಚಾಯತುಗಳಲ್ಲಿ 2010ರ ಚುನಾವಣೆಯಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ, ಗಡಿನಾಡಿನ ಕನ್ನಡ ಹೆಂಗಸರು ಅಧ್ಯಕ್ಷೆಯರಾಗಿ ಆಡಳಿತ ನಡೆಸಿದ್ದಾರೆ. ಮೀಸಲಾತಿಯಿಲ್ಲದ ವಿಧಾನಸಭೆಗೆ ಮಾತ್ರ ಮಂಜೇಶ್ವರ ಮತ್ತು ಕಾಸರಗೋಡು ಕ್ಷೇತ್ರಗಳು 2021ರ ಚುನಾವಣೆಯವರೆಗೆ ಒಬ್ಬ ಮಹಿಳೆಯನ್ನೂ ಆರಿಸಿ ಕಳುಹಿಸಿರಲಿಲ್ಲ.