ಫ್ಯಾಕ್ಟರಿ ಹೊಗಿ ಲೆಕ್ಕ ಕೇಳಿದ್ರ ಕೊಡಂಗಿಲ್ಲ ಅಂತಾರ, ಖರೇನಾ?

ಓದುಗರ ಪ್ರಶ್ನೆ: ನಮ್ದು ಕೊಪ್ಪಳ ಕಡೆ ಹಳ್ಳಿ ರೀ. ಮಾಳಿಗಿ ಮ್ಯಾಲೆ ಸಂಡಿಗಿ ಒಣಾಕ ಹಾಕಿದ್ರ ಸಂಜಿಗೆ ಕರಿ ಬೂದಿ ಕುಂತಿರ್ತದ. ಹೊಗಿ ಎಷ್ಟು ಬಿಡ್ತಾರ ಅಂತ ಕೇಳಾಕ ಹೋದ್ರ ಆಫೀಸಿನ್ಯಾಗ "ಅದು ಕಂಪನಿ ಮಾಹಿತಿ, ಹೊರಗ ಕೊಡಂಗಿಲ್ಲ" ಅಂದ್ರು.

ಇಲ್ರೀ, ಹಂಗ ಸುಮ್ನ ಹೇಳಿ ಕಳಸಾಕ ಬರಂಗಿಲ್ಲ. 1981ರ ವಾಯು ಕಾಯ್ದೆ 51ನೇ ಸೆಕ್ಷನ್ ನೋಡ್ರಿ, ಮಾಲಿನ್ಯ ನಿಯಂತ್ರಣ ಮಂಡಳಿ ಯಾವ ಕಾರ್ಖಾನಿಗೆ ಪರ್ಮಿಷನ್ ಕೊಟ್ಟೈತಿ, ಹೊಗಿಗೆ ಎಷ್ಟು ಮಿತಿ ಹಾಕೈತಿ ಅನ್ನೋ ರಿಜಿಸ್ಟರ್ ಇಡಬೇಕು, ಆ ಹೊಗಿ ತಟ್ಟಿದವ್ರು ಹೋಗಿ ಅದನ್ನ ನೋಡಬಹುದು ಅಂತ ಅದರಾಗ ಐತಿ. ಇನ್ನ ಪರಿಸರ ಅನುಮತಿ ಪಡೆದ ಕಾರ್ಖಾನಿ ಆಗಿದ್ರ, ಷರತ್ತು ಪಾಲಿಸಿದ್ದರ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಆ ವರದಿ ಸಾರ್ವಜನಿಕ ದಾಖಲೆ ಅಂತ 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆನ ಹೇಳ್ತದ, ಅರ್ಜಿ ಹಾಕಿದವ್ರಿಗೆ ಕಾಪಿ ಕೊಡಬೇಕು.

ಅದಕ್ಕ "ನಮ್ಮೂರಾಗ ಮಾಲಿನ್ಯ ಐತೋ ಇಲ್ಲೋ" ಅಂತ ಕೇಳಬ್ಯಾಡ್ರಿ, ಯಾವ ಕಾಗದ ಬೇಕೋ ಅದರ ಹೆಸರು ಹಿಡಿದು ಕೇಳ್ರಿ. ನಾನು ಮೊದಲನೇ ಸಲ ಮಾಲಿನ್ಯ ಮಂಡಳಿಗೆ ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಹಾಕಿದಾಗ ಎರಡು ಪುಟ ಗೋಳು ತೋಡ್ಕೊಂಡಿದ್ದೆ, ಕರ್ನಾಟಕದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಂಗಿಲ್ಲ ಅಂತ ವಾಪಸ್ ಬಂತು. ಎರಡನೇ ಸಲ ನಾಕೇ ಸಾಲು: ಈ ಕಾರ್ಖಾನಿ, ಈ ವರ್ಷ, ಚಿಮಣಿ ಹೊಗಿ ಟೆಸ್ಟ್ ರಿಪೋರ್ಟ್ ಕಾಪಿ ಕೊಡ್ರಿ. ಫೀ 10 ರೂಪಾಯಿ. ಯಾಕ ಬೇಕು ಅಂತ ಅವ್ರು ಕೇಳಂಗಿಲ್ಲ, ನೀವೂ ಬರಿಯೋದು ಬ್ಯಾಡ.

ಗಾಳಿ ಎಷ್ಟು ಚಲೋ ಐತಿ ಅಂತ ತೋರ್ಸೋ ಸಮೀರ್ ಆ್ಯಪ್‌ನ್ಯಾಗ ಕೊಪ್ಪಳದ್ದು ಹಸಿರು, ಅಂದ್ರ ಗಾಳಿ ಚಲೋ ಐತಿ ಅಂತ ತೋರಸ್ತದ ಅಂತ ಯಾರಾದ್ರು ವಾದ ಮಾಡಿದ್ರ, ಆ ಮಷೀನ್ ಇರೋದು ಪ್ಯಾಟಿ ಒಳಗ ದಿವಟರ್ ನಗರದಾಗ, ನಿಮ್ಮ ಮಾಳಿಗಿ ಮ್ಯಾಲಲ್ಲ ಅನ್ರಿ.

ಆರೋಗ್ಯದ್ದೂ ಇದ ದಾರಿ. ಪಿಎಚ್‌ಸಿಗೆ ಕೆಮ್ಮು-ದಮ್ಮು ಅಂತ ಬಂದವ್ರ ಹೆಸರು ಕೇಳಿದ್ರ ಕೊಡಂಗಿಲ್ಲ, ಕೊಡಲೂಬಾರದು, ತಿಂಗಳವಾರು ಎಷ್ಟು ಮಂದಿ ಬಂದ್ರು ಅನ್ನೋ ಸಂಖ್ಯೆ ಕೇಳ್ರಿ.

ಅರ್ಜಿ ಝೆರಾಕ್ಸ್ ಮ್ಯಾಲೆ ತಾರೀಖು ಸಮೇತ ಸೀಲ್ ಒತ್ತಿಸ್ಕೊಳ್ಳದ ಹೊರಗ ಬರಬ್ಯಾಡ್ರಿ, ಅವ್ರು ಉತ್ತರ ಕೊಡಬೇಕಾದ 30 ದಿನದ ಎಣಿಕಿ ಅಲ್ಲಿಂದನ ಶುರು, ದಾಟಿತಂದ್ರ ಅದೇ ಇಲಾಖೆ ಮ್ಯಾಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕ್ರಿ.