ಎಫ್‌ಟಿಪಿ ಲಾಗಿನ್ ಆಗುತ್ತದೆ, ಫೈಲ್ ಪಟ್ಟಿ ಮಾತ್ರ ಬರುವುದಿಲ್ಲ. ಯಾಕೆ?

ಪ್ರಶ್ನೆ: ಸರ್ವರ್‌ಗೆ ಫೈಲ್ ಕಳಿಸಲು, ತರಿಸಲು ಎಫ್‌ಟಿಪಿ ಬಳಸುತ್ತೇವೆ. ಫೈರ್‌ವಾಲ್‌ನಲ್ಲಿ (ಜಾಲದ ಸಂಪರ್ಕಗಳನ್ನು ಬಿಡುವ, ತಡೆಯುವ ಕಾವಲು) 21ನೇ ಪೋರ್ಟ್ (ಸಂಪರ್ಕ ಒಳಬರುವ ಸಂಖ್ಯೆಯ ಬಾಗಿಲು) ತೆರೆದಿದ್ದೇವೆ. ಲಾಗಿನ್ ಸಲೀಸಾಗಿ ಆಗುತ್ತದೆ. ಫೈಲ್‌ಗಳ ಪಟ್ಟಿ ಬರಬೇಕಾದ ಹೊತ್ತಿಗೆ ಎಲ್ಲ ನಿಂತು ಟೈಮ್‌ಔಟ್ ಆಗುತ್ತದೆ. ಏನು ಮಾಡಬೇಕು?

ಉತ್ತರ: 21 ಒಂದೇ ಸಾಲದು. ಅದರಲ್ಲಿ ಓಡಾಡುವುದು ಬರೀ ಆದೇಶಗಳು. ಪಟ್ಟಿಯಾಗಲಿ ಫೈಲಾಗಲಿ ಬರುವುದು ಪ್ರತಿ ಸಲ ಹೊಸದಾಗಿ ತೆರೆಯುವ ಇನ್ನೊಂದು ಸಂಪರ್ಕದಲ್ಲಿ. ಆಕ್ಟಿವ್ ಮೋಡ್‌ನಲ್ಲಿ ಅದನ್ನು ಸರ್ವರ್ರೇ ನಿಮ್ಮ ಕಂಪ್ಯೂಟರ್ ಕಡೆಗೆ ತೆರೆಯಲು ಬರುತ್ತದೆ, ನಿಮ್ಮ ಕಡೆಯ ಫೈರ್‌ವಾಲ್ ಬಾಗಿಲಲ್ಲೇ ತಡೆಯುತ್ತದೆ. ಆದ್ದರಿಂದ ಮೊದಲು ಪ್ಯಾಸಿವ್ ಮೋಡ್‌ಗೆ ಬದಲಿಸಿ. ಆಗ ಎರಡೂ ಸಂಪರ್ಕಗಳನ್ನು ನಿಮ್ಮ ಕಂಪ್ಯೂಟರ್ರೇ ತೆರೆಯುತ್ತದೆ.

ಆದರೂ ನಿಂತರೆ ಕ್ಲೈಂಟ್‌ನ (ನೀವು ಬಳಸುವ ಎಫ್‌ಟಿಪಿ ತಂತ್ರಾಂಶದ) ಲಾಗ್‌ನಲ್ಲಿ 227 ಎಂದು ಶುರುವಾಗುವ ಸಾಲು ಹುಡುಕಿ. ಅಲ್ಲಿ ಆವರಣದೊಳಗೆ ಆರು ಸಂಖ್ಯೆಗಳಿರುತ್ತವೆ, ಉದಾಹರಣೆಗೆ 203,0,113,5,195,80. ಮೊದಲ ನಾಲ್ಕು ಸರ್ವರ್ ವಿಳಾಸ. ಐದನೆಯದನ್ನು 256ರಿಂದ ಗುಣಿಸಿ ಆರನೆಯದನ್ನು ಕೂಡಿಸಿದರೆ ಪೋರ್ಟ್: 195 × 256 + 80 = 50000. ಆ ಪೋರ್ಟ್ ಫೈರ್‌ವಾಲ್‌ನಲ್ಲಿ ಮುಚ್ಚಿದೆ, ಅಷ್ಟೇ. ಮೊದಲ ನಾಲ್ಕು 192,168ರಿಂದ ಶುರುವಾಗಿದ್ದರೆ ರೋಗ ಬೇರೆ. ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ವ್ಯವಸ್ಥೆ) ಹಿಂದಿರುವ ಸರ್ವರ್ ತನ್ನ ಒಳಗಿನ ವಿಳಾಸ ಹೇಳುತ್ತಿದೆ, ಪ್ಯಾಸಿವ್ ಸೆಟ್ಟಿಂಗ್‌ನಲ್ಲಿ ಹೊರಗಿನ ಐಪಿ ಬರೆಯಬೇಕು.

ಸರ್ವರ್ ನಿಮ್ಮದೇ ಆದರೆ ಪ್ಯಾಸಿವ್ ಪೋರ್ಟ್‌ಗಳಿಗೆ ಮಿತಿ ಹಾಕಿ, ಉದಾಹರಣೆಗೆ 50000ದಿಂದ 50100. ಫೈರ್‌ವಾಲ್‌ನಲ್ಲೂ ಅಷ್ಟನ್ನೇ ತೆರೆಯಿರಿ. ಜಿಪುಣತನದಿಂದ ಐದೋ ಹತ್ತೋ ಕೊಟ್ಟರೆ, ಸಾವಿರಾರು ಸಣ್ಣ ಫೈಲ್‌ಗಳನ್ನು ಒಟ್ಟಿಗೆ ಕಳಿಸುವಾಗ ಪೋರ್ಟ್ ಸಾಲದೆ 425 ದೋಷ (ಡೇಟಾ ಸಂಪರ್ಕ ತೆರೆಯಲಾಗಲಿಲ್ಲ) ಬರಬಹುದು.

'ಸಾದಾ ಎಫ್‌ಟಿಪಿ ಓಡುತ್ತಿತ್ತು, ಟಿಎಲ್‌ಎಸ್ ಹಾಕಿದ ಮೇಲೆ ಕೆಟ್ಟಿತು' ಎನ್ನುವವರೂ ಇದ್ದಾರೆ. ಟಿಎಲ್‌ಎಸ್ ಎಂದರೆ ಸಂಪರ್ಕವನ್ನು ಗೂಢಲಿಪಿಯಾಗಿಸುವ ವ್ಯವಸ್ಥೆ. ಕೆಲವು ಫೈರ್‌ವಾಲ್‌ಗಳು 227ರ ಸಾಲನ್ನು ಕದ್ದು ಓದಿ ಆ ಪೋರ್ಟನ್ನು ತಾವೇ ತೆರೆದುಕೊಡುತ್ತವೆ. ಗೂಢಲಿಪಿಯಾದ ಸಾಲನ್ನು ಅವು ಓದಲಾರವು. ಇಲ್ಲಿ ಪೋರ್ಟ್‌ಗಳನ್ನು ಕೈಯಾರೆ ತೆರೆಯದೆ ಗತಿಯಿಲ್ಲ.

ದೊಡ್ಡ ಫೈಲ್ ಪೂರ್ತಿ ಹೋದಮೇಲೂ 'ವಿಫಲ' ಎಂದು ಬಂದರೆ, ಅಷ್ಟು ಹೊತ್ತು ಸುಮ್ಮನಿದ್ದ 21ರ ಸಂಪರ್ಕವನ್ನು ಫೈರ್‌ವಾಲ್ ಕಡಿದಿರುತ್ತದೆ. ಕೀಪ್‌ಅಲೈವ್ (ಸಂಪರ್ಕ ಸುಮ್ಮನಿರದಂತೆ ಆಗಾಗ ಸಣ್ಣ ಸಂದೇಶ ಕಳಿಸುವ ಆಯ್ಕೆ) ಆನ್ ಮಾಡಿ. ಮತ್ತೆ ಕಳಿಸುವ ಮುನ್ನ ಎರಡೂ ಕಡೆ ಫೈಲ್ ಗಾತ್ರ ಹೋಲಿಸಿ ನೋಡಿ, ಬಹಳ ಸಲ ಫೈಲ್ ಸರಿಯಾಗಿಯೇ ತಲುಪಿರುತ್ತದೆ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಇಷ್ಟೆಲ್ಲ ಒದ್ದಾಟವೇ ಬೇಡ, ಎಸ್‌ಎಫ್‌ಟಿಪಿ ಬಳಸಿ. ಹೆಸರು ಹತ್ತಿರವಾದರೂ ಅದು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ವಿಧಾನ) ಮೇಲೆ ಓಡುವ ಬೇರೆಯೇ ವ್ಯವಸ್ಥೆ. ಆದೇಶವೂ ಫೈಲೂ ಒಂದೇ ಸಂಪರ್ಕದಲ್ಲಿ ಹೋಗುತ್ತವೆ, ಫೈರ್‌ವಾಲ್‌ನಲ್ಲಿ 22ನೇ ಪೋರ್ಟ್ ಒಂದನ್ನು ಕೇಳಿದರೆ ಸಾಕು.