ಸೆಸ್ಮಿಕ್ ಅಂದರೆ ಭೂಕಂಪ ಅಲ್ಲ

‘ಸೆಸ್ಮಿಕ್ ಸರ್ವೆ’ಯನ್ನು ‘ಭೂಕಂಪ ಸಮೀಕ್ಷೆ’ ಅಂತ ಬರೆದದ್ದನ್ನು ಮತ್ತೆ ಓದಿದೆ. ನೆಲ ಅದುರಿಸಿ, ಅಡಿಯ ಬಂಡೆ ಎಷ್ಟು ಆಳದಲ್ಲಿದೆ ಅಂತ ತಿಳಿದು, ಸುರಂಗಕ್ಕೆ ಜಾಗ ನೋಡುವ ಕೆಲಸ ಅದು. ಹೀಗೆ ಬರೆದರೆ ಅಲ್ಲಿನ ಜನ ಸುಮ್ನೆ ಹೆದರುವುದಿಲ್ವಾ?

ಪದದ ಬೇರು ಗ್ರೀಕಿನ ‘ಸೈಸ್ಮೊಸ್’. ಅಲುಗಾಟ ಅಂತ ಅರ್ಥ. ನೆಲ ನಡುಗಿದರೂ ಅದೇ ಪದ, ಬೇರೇನು ನಡುಗಿದರೂ ಅದೇ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ದೋಣಿಯನ್ನು ಮುಚ್ಚುವಂತೆ ಎದ್ದ ಸಮುದ್ರದ ಬಿರುಗಾಳಿಗೂ ‘ಸೈಸ್ಮೊಸ್’ ಅಂತಲೇ ಇದೆ. ನಮ್ಮಲ್ಲಿ ‘ಅದುರು’ ಇದೆಯಲ್ಲ, ಅಷ್ಟೇ ಅಗಲದ ಪದ. ಭೂಕಂಪ ತಾನಾಗಿ ಆಗುವಂಥದ್ದು. ಸರ್ವೆಯಲ್ಲಿ ಅದುರಿಸುವವರು ನಾವು. ‘ಕಂಪನ ಸಮೀಕ್ಷೆ’ ಅಂದರೆ ಸಾಕು.

ಕೆಲಸ ನಡೆಯುವುದು ಹೀಗೆ. ನೆಲದ ಮೇಲೆ ಒಂದು ಲೋಹದ ತಟ್ಟೆ. ಅಲ್ಲಿಂದ ಸಾಲಾಗಿ ಮಣ್ಣಿಗೆ ಚುಚ್ಚಿದ ಜಿಯೋಫೋನ್‌ಗಳು, ಅಂದರೆ ನೆಲದ ಮೈಕುಗಳು. ದೊಡ್ಡ ಸುತ್ತಿಗೆಯಲ್ಲಿ ತಟ್ಟೆಗೆ ಹೊಡೆಯುತ್ತಾರೆ. ಆ ಹೊತ್ತಿಗೆ ಹತ್ತಿರ ಯಾರೂ ನಡೆಯಬಾರದು, ಹೆಜ್ಜೆ ಸದ್ದೂ ದಾಖಲಾಗುತ್ತದೆ. ಮೊದಲು ಬಂದು ಮುಟ್ಟುವುದು ಒತ್ತಿ ಹಿಗ್ಗುತ್ತಾ ಸಾಗುವ ಅಲೆ. ಅದು ಶಬ್ದವೇ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಶಬ್ದ ಗಟ್ಟಿ ಗ್ರಾನೈಟಿನಲ್ಲಿ ಸುಮಾರು 5 ಕಿಲೋಮೀಟರ್ ಓಡುತ್ತದೆ. ಹತ್ತಿರದ ಮೈಕಿಗೆ ಮೇಲ್ಮಣ್ಣಿನಲ್ಲಿ ನೇರ ಬಂದ ಅಲೆಯೇ ಮೊದಲು. ದೂರದ ಮೈಕಿಗೆ ಮಾತ್ರ ಕೆಳಗಿನ ಬಂಡೆಯವರೆಗೆ ಇಳಿದು, ಅಲ್ಲಿ ಓಡಿ, ಮತ್ತೆ ಮೇಲೆ ಬಂದ ಅಲೆ ಮೊದಲು ಮುಟ್ಟುತ್ತದೆ. ಊರೊಳಗಿನ ದಾರಿ ಬಿಟ್ಟು ಹೈವೇ ಹತ್ತಿದ ಬಸ್ಸು ಬೇಗ ತಲುಪುವ ಹಾಗೆ. ಎಷ್ಟು ದೂರದಿಂದ ಈ ಅದಲುಬದಲು ಶುರುವಾಯಿತು ಅನ್ನುವುದರಿಂದ ಬಂಡೆಯ ಆಳ ಲೆಕ್ಕ ಹಾಕುತ್ತಾರೆ.

1909ರಲ್ಲಿ ಕ್ರೊಯೇಷಿಯಾದ ಭೂಕಂಪ ವಿಜ್ಞಾನಿ ಮೊಹೊರೊವಿಚಿಚ್ ಇದೇ ಲೆಕ್ಕದಿಂದ ಭೂಮಿಯ ಹೊರಪದರದ ತಳ ಕಂಡುಹಿಡಿದರು. ಅಲ್ಲಿ ಸುತ್ತಿಗೆಯ ಕೆಲಸ ಮಾಡಿದ್ದು ಜಾಗ್ರೆಬ್ ಹತ್ತಿರದ ಒಂದು ಭೂಕಂಪ. ಪದಗಳು ಕಲಸಿಹೋದದ್ದು ಬಹುಶಃ ಇಂಥ ಕಡೆಯೇ.

ಇನ್ನೊಂದು. ಬೋರ್‌ವೆಲ್ ಪಾಯಿಂಟ್ ನೋಡುವಾಗ ಸಾಮಾನ್ಯವಾಗಿ ನಾಲ್ಕು ಕಬ್ಬಿಣದ ಸರಳು ನೆಟ್ಟು ಮೀಟರ್ ಓದುತ್ತಾರಲ್ಲ, ಅದನ್ನೂ ‘ಸೌಂಡ್ ಬಿಟ್ಟು ನೋಡಿದರು’ ಅನ್ನುವವರು ಜಾಸ್ತಿ. ಅಲ್ಲಿ ಹರಿಸುವುದು ಕರೆಂಟು. ಒದ್ದೆ ಪದರದಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ, ಒಣ ಬಂಡೆ ತಡೆಯುತ್ತದೆ. ನೆಲದ ಅದುರಾಟ ಅಳೆಯಲಿಲ್ಲ ಅಂದರೆ ಅದು ಸೆಸ್ಮಿಕ್ ಅಲ್ಲ.